ಟಕ್ ಅಂದರೆ ಹತ್ತಿತು

೧

ಟಕ್.

ಹೀಗೆ ಶುರು ಮಾಡಬಹುದೇ? ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ಕಡೆಯಿಂದ ಒಂದು ಸಣ್ಣ ಸದ್ದು. ನೀವು ಕಳ್ಳ ಅಂದುಕೊಳ್ಳುತ್ತೀರಿ, ಇಲ್ಲವೇ ದೆವ್ವ. ಎರಡೂ ಅಲ್ಲವೆಂದು ಕೊನೆಯಲ್ಲಿ ಹೇಳಿದರೆ ಮೋಸವಾಯಿತೆಂದು ಬೈಯುತ್ತೀರಿ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಅದು ಸ್ವಿಚ್ಚಿನ ಸದ್ದು. ನಾನು ಕೆಲಸ ಮಾಡುವ ಕಂಪನಿಯದೇ ಸ್ವಿಚ್ಚು. ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲೆ. ಹತ್ತಿಸಿದರೆ ಟಕ್, ದಪ್ಪಗೆ. ಆರಿಸಿದರೆ ಟಿಕ್, ತೆಳ್ಳಗೆ.

ಟಕ್. ಟಿಕ್. ಟಕ್.

ಪಕ್ಕದಲ್ಲಿ ಗಂಡನ ಗೊರಕೆ. ಹಾಗಾದರೆ ಅಡುಗೆಮನೆಯಲ್ಲಿರುವುದು ಅತ್ತೆ. ಇಷ್ಟು ಹೊತ್ತಿನಲ್ಲಿ ದೀಪದ ಜೊತೆ ಅವರಿಗೇನು ಆಟ?

(ನಾನು ಎದ್ದು ಹೋಗದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಚಿಂತೆ ಬೇಡ. ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಓಡಿಬರುವವಳು ನಾನು. ಎದ್ದೇ ಏಳುತ್ತೇನೆ. ಸ್ವಲ್ಪ ತಾಳಿ.)

೨

ಬೇಡ. ಆಫೀಸಿನಿಂದ ಶುರು ಮಾಡೋಣ. ಅಲ್ಲಿ ಬೆಳಕಿದೆ.

ಮೀಟಿಂಗ್ ರೂಮಿನಲ್ಲಿ ಉದ್ದನೆಯ ಮೇಜು, ಸುತ್ತ ಕಪ್ಪು ಕುರ್ಚಿಗಳು. ಒಂದು ಮಾತ್ರ ಮರದ್ದು, ಬಾಗಿಲಿಗೆ ಬೆನ್ನು ಮಾಡಿ ಇಟ್ಟದ್ದು. ಅದು ಗಿರಾಕಿಯ ಕುರ್ಚಿ. ಕಂಪನಿ ಕಟ್ಟಿದವರು, ನಾವೆಲ್ಲ 'ದೊಡ್ಡವರು' ಎನ್ನುವವರು, ಇಟ್ಟುಹೋದ ಪದ್ಧತಿ ಇದು: ಯಾವುದೇ ದೊಡ್ಡ ತೀರ್ಮಾನಕ್ಕೆ ಮುಂಚೆ ಒಬ್ಬರು ಆ ಕುರ್ಚಿಯಲ್ಲಿ ಕೂತು ಒಬ್ಬ ಗಿರಾಕಿಯ ಕಥೆ ಹೇಳಬೇಕು. ಆಮೇಲೆಯೇ ಲೆಕ್ಕಪತ್ರ. ಮತ್ತು ಕುರ್ಚಿಯಲ್ಲಿ ಕೂತವರನ್ನು ಯಾರೂ ಪ್ರಶ್ನೆ ಕೇಳುವಂತಿಲ್ಲ. ಗಿರಾಕಿಯನ್ನು ಪಾಟೀಸವಾಲು ಮಾಡುತ್ತಾರೆಯೇ?

ಆ ಕಥೆಗಳನ್ನು ಬರೆದುಕೊಡುವುದು ನನ್ನ ಕೆಲಸ. ಒದ್ದೆ ಕೈಯ ಹೆಂಗಸೊಬ್ಬಳ ಕಥೆಯಿಂದ ನಮ್ಮ ಸ್ವಿಚ್ಚಿನ ಮೂಲೆಗಳು ದುಂಡಗಾದವು. ಒಬ್ಬ ಕಾವಲುಗಾರನ ಕಥೆ ಕೇಳಿ ದೂರದ ಊರಿನಲ್ಲಿ ಶಾಖೆ ತೆರೆದೆವು. ಅಲ್ಲಿ ಮಾರಿದ್ದಕ್ಕಿಂತ ವಾಪಸು ಹೊತ್ತು ತಂದದ್ದೇ ಹೆಚ್ಚು. ಆದರೆ ಕಥೆ ಚೆನ್ನಾಗಿತ್ತು! ಕಣ್ಣು ತುಂಬಿಕೊಂಡವರಿಗೆ ಅಂಕಿ ಮಂಜಾಗಿ ಕಾಣುವುದು ಸಹಜ.

ಎಲ್ಲ ಕಥೆಗಳ ತಾಯಿ ಒಂದಿದೆ. ದೊಡ್ಡವರ ಅಮ್ಮನಿಗೆ ಕಣ್ಣು ಹೋಗುತ್ತಿತ್ತಂತೆ. ದೀಪ ಹತ್ತಿದೆಯೋ ಆರಿದೆಯೋ ತಿಳಿಯದೆ ಆಕೆ ಕತ್ತಲಲ್ಲಿ ಅಳುತ್ತಾ ಕೂತದ್ದನ್ನು ಕಂಡು, ಮಗ ಎರಡು ಸದ್ದಿನ ಸ್ವಿಚ್ಚು ಮಾಡಿದನಂತೆ. ಸದ್ದಿಲ್ಲದ ಸ್ವಿಚ್ಚು ಮಾಡೋಣ ಎಂದು ಯಾರಾದರೂ ಬಾಯಿ ತೆರೆದಾಗಲೆಲ್ಲ ಈ ಅಮ್ಮ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. (ಆಕೆಯ ಮಡಿಲಲ್ಲಿ ಒಂದು ಬೆಕ್ಕನ್ನು ಕೂರಿಸಿದವಳು ನಾನು. ಚಿತ್ರ ತುಂಬಲಿ ಅಂತ. ಈಗ ನಮ್ಮ ಸ್ವಿಚ್ಚಿನ ಡಬ್ಬಿಯ ಮೇಲೆ ಆ ಬೆಕ್ಕಿದೆ. ಹೊಸಬರಿಗೆ ಪಾಠ ಮಾಡುವಾಗ ಬೆಕ್ಕಿನ ಹೆಸರೇನು ಎಂದೂ ಕೇಳುತ್ತಾರೆ.)

ಇನ್ನೊಂದು ಪದ್ಧತಿ ಇದೆ, ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಹೊಸ ಮಾಲು ಏನೇ ಬಂದರೂ ಮೊದಲು ಸಿಬ್ಬಂದಿಯ ಮನೆಗಳಿಗೆ ಹಾಕಿಕೊಡುತ್ತಾರೆ. ಪುಕ್ಕಟೆ.

೩

ದೊಡ್ಡವರ ಮಗಳು ಈಗ ನಮ್ಮ ಎಂ.ಡಿ. ಮೇಡಂ ಕರೆದರು.

"ಸೋಮವಾರ ಕುರ್ಚೀಲಿ ನೀವೇ ಕೂರಬೇಕು."

"ನಾನು ಬರೆಯೋಳು, ಮೇಡಂ. ಕೂರೋರು ಬೇರೆ."

"ಎಲ್ಲರ ಬಾಯಲ್ಲೂ ಬರೋದು ನಿಮ್ಮ ಮಾತೇ ತಾನೇ? ಈ ಸಲ ಬಾಯೂ ನಿಮ್ಮದೇ ಇರಲಿ."

ಮೇಜಿನ ಮೇಲೆ ಒಂದು ಗಾಜಿನ ಹಲಗೆ. ಬೆರಳು ತಾಗಿಸಿದರೆ ಸಾಕು, ದೀಪ ಹತ್ತುತ್ತದೆ. ಸದ್ದಿಲ್ಲ, ಗುಂಡಿಯಿಲ್ಲ, ಏನೂ ಇಲ್ಲ. ಟಕ್ ಟಿಕ್ ಎನ್ನುವ ಸ್ಪ್ರಿಂಗ್ ಸ್ವಿಚ್ಚು ನಿಲ್ಲಿಸಿ ಇದನ್ನು ಮಾಡಬೇಕು. ಅದಕ್ಕೊಂದು ಕಥೆ ಬೇಕು.

"ಒಬ್ಬ ತಾಯಿ, ಆಗತಾನೇ ಮಲಗಿಸಿದ ಮಗು. ಲೈಟ್ ಆರಿಸ್ತಾಳೆ. ಟಿಕ್. ಮಗು ಅಳಬೇಕು. ಆಮೇಲೆ ತಾಯೀನೂ ಅತ್ತರೆ ಒಳ್ಳೇದು."

"ಮತ್ತೆ... ನಿಮ್ಮಜ್ಜಿ ಕಥೆ?"

ಮೇಡಂ ಕನ್ನಡಕ ತೆಗೆದಿಟ್ಟರು. "ನಮ್ಮಜ್ಜಿಗೆ ಕಣ್ಣು ಚೆನ್ನಾಗೇ ಇತ್ತು ಕಣ್ರೀ. ಕೊನೇವರೆಗೂ ಸೂಜಿಗೆ ದಾರ ಅವರೇ ಹಾಕ್ಕೊಳ್ಳೋರು. ಸ್ಪ್ರಿಂಗ್ ಮಾರೋನು ತಪ್ಪಿ ಎರಡು ಥರದ್ದು ಕಳಿಸಿದ್ದ. ವಾಪಸು ಮಾಡೋಕೆ ಅಪ್ಪನಿಗೆ ಸೋಮಾರಿತನ. ಅಂಗಡಿಯವನೊಬ್ಬ 'ಯಾಕ್ರೀ ಎರಡು ಸದ್ದು' ಅಂದಾಗ ಬಾಯಿಗೆ ಬಂದದ್ದು ಆ ಕಥೆ. ಅಜ್ಜಿ ಒಳಗೇ ಕೂತು ಕೇಳಿಸ್ಕೊಂಡರಂತೆ. ಆಮೇಲೆ ಮನೆಗೆ ಬಂದೋರೆಲ್ಲ ಪಾಪ ಅಂತ ಅವರ ಕೈ ಹಿಡಿದು ನಡೆಸೋರು. 'ಕಣ್ಣಿದ್ದೂ ಕುರುಡಿ ಮಾಡಿದ ನನ್ನ ಮಗ' ಅಂತಿದ್ದರು. ಆ ಅಜ್ಜೀನ ಇನ್ನಾದರೂ ಬಿಟ್ಟುಬಿಡೋಣ. ಬೆಕ್ಕೂ ಇರಲಿಲ್ಲ."

"ಬೆಕ್ಕು ನಂದು, ಮೇಡಂ."

"ಗೊತ್ತು."

(ಇಲ್ಲಿ ಮೇಡಂ ಕಥೆಯೊಳಗಿಂದಲೇ ತಕರಾರು ತೆಗೆಯುತ್ತಾರೆ. "ನನಗೆ ಯಾಕೆ ಇಷ್ಟು ಒಳ್ಳೆ ಮಾತು ಕೊಟ್ರಿ? ನಿಮ್ಮ ಕಥೆಗೆ ಖಳನಾಯಕಿ ಬೇಕಿತ್ತಲ್ಲ?" ಬೇಕಿತ್ತು. ನನಗೂ ಹಾಗೇ ಅನುಕೂಲವಿತ್ತು. ಸಿಕ್ಕಲಿಲ್ಲ.)

ಮೆಟ್ಟಿಲಲ್ಲಿ ಸ್ಪ್ರಿಂಗ್ ಮಾಮ ಅಡ್ಡ ಹಾಕಿದರು. ಅವರು ತಯಾರಿಕೆ ವಿಭಾಗದ ಮುಖ್ಯಸ್ಥರು. ಯಾರಿಗೂ ಮಾಮ ಅಲ್ಲ, ಎಲ್ಲರಿಗೂ ಮಾಮ.

"ಸೋಮವಾರ ನೀನಂತೆ? ಅಜ್ಜೀನ ಇನ್ನೊಂದ್ಸಲ ಎಬ್ಬಿಸಮ್ಮ."

"ಅಜ್ಜಿ ಸುಳ್ಳಂತೆ, ಮಾಮ."

"ಆ ಸ್ಪ್ರಿಂಗ್ ಚೀಲ ಹೊತ್ತು ತಂದೋನೇ ನಾನು, ನನಗೇ ಹೇಳ್ತೀಯಾ? ಸುಳ್ಳು ಅಂತ ಗೊತ್ತಿದ್ದೂ ಪ್ರತಿ ಸಲ ನನ್ನ ಕಣ್ಣಲ್ಲಿ ನೀರು ಬರತ್ತೆ. ಅದಕ್ಕೇನಂತೀಯ?"



೪

ಈಗ ಏಳುತ್ತೇನೆ.

ಶನಿವಾರ ರಾತ್ರಿ. ಟಕ್. ಟಿಕ್. ಟಕ್. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಟ್ಯೂಬ್‌ಲೈಟ್ ಝಗ್ಗನೆ ಉರಿಯುತ್ತಿತ್ತು. ಅತ್ತೆ ನನ್ನ ಕಡೆಗೇ ಮುಖ ಮಾಡಿದ್ದರು. ಕಣ್ಣು ತೆರೆದೇ ಇತ್ತು. ನಾನು ನಕ್ಕೆ. ಅವರು ನಗಲಿಲ್ಲ. ನನ್ನನ್ನು ದಾಟಿ ನೋಡುತ್ತಿದ್ದರು, ನಾನು ನಿಂತ ಜಾಗದಲ್ಲಿ ಬರೀ ಬಾಗಿಲಿದ್ದ ಹಾಗೆ.

ಲೋಟ ತೆಗೆದರು. ಅಂಚಿನೊಳಗೆ ತೋರುಬೆರಳು ಇಳಿಬಿಟ್ಟು, ನೀರು ಬೆರಳಿಗೆ ತಾಗುವವರೆಗೆ ಬಗ್ಗಿಸಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಎಷ್ಟು ಕಾಲದ ಅಭ್ಯಾಸವೋ! ಹುಳ ಹರಿದರೂ ಗಮನಿಸುವ ನಾನು, ಒಂದೇ ಸೂರಿನಡಿ ಇದ್ದು, ಇದನ್ನು ನೋಡಿರಲಿಲ್ಲ.

"ಯಾರು? ನೀನಾ?"

"ಹೂಂ. ಈಗಷ್ಟೇ ಬಂದೆ."

"ಸುಳ್ಳು. ಉಸಿರು ಬಿಗಿಹಿಡಿದು ನಿಂತಿದೀಯ. ಹೆದರಿದರೆ ನೀನು ಹಾಗೇ." ನೀರು ಕುಡಿದರು. "ಲೈಟ್ ಹತ್ತಿದೆಯಲ್ಲ?"

"ಹತ್ತಿದೆ, ಅತ್ತೆ."

"ಗೊತ್ತು. ಟಕ್ ಅಂತು."

ಹಗಲಲ್ಲಿ ಕಿಟಕಿ ಹತ್ತಿರ ಪರವಾಗಿಲ್ಲವಂತೆ. ಕತ್ತಲಾದ ಮೇಲೆ ಎಲ್ಲಾ ಒಂದೇ ಬಣ್ಣ. ಎದುರುಮನೆಯವಳ ಜೊತೆ ಹೋಗಿ ಡಾಕ್ಟರಿಗೆ ತೋರಿಸಿದ್ದಾರೆ, ಒಂದಲ್ಲ, ಎರಡು ಕಡೆ. ಮಾಡುವುದಕ್ಕೇನೂ ಇಲ್ಲ, ನಿಧಾನವಾಗಿ ಹೋಗುತ್ತದೆ ಎಂದರಂತೆ.

"ಅವನಿಗೆ ಹೇಳಬೇಡ," ಎಂದರು. ಅವನು ಎಂದರೆ ನನ್ನ ಗಂಡ. ಹಿಂದೊಮ್ಮೆ ಅತ್ತೆ ಬಚ್ಚಲಲ್ಲಿ ಜಾರಿದಾಗ ಅವರೂ ಅವರ ತಂಗಿಯೂ ಮಾತಾಡಿಕೊಂಡಿದ್ದರು: ಇನ್ನೊಂದು ಸಲ ಏನಾದರೂ ಆದರೆ ಅಮ್ಮ ತಂಗಿಯ ಮನೆಯಲ್ಲೇ ಇರಲಿ, ಅಲ್ಲಿ ನೋಡಿಕೊಳ್ಳಲು ಆಳಿದ್ದಾಳೆ.

"ಒಳ್ಳೆಯವರೇ, ಇಬ್ಬರೂ. ಅದೇ ಕಷ್ಟ. ಆ ಮನೇಲಿ ನೆಲ ನುಣ್ಣಗೆ, ಗೋಡೆ ನುಣ್ಣಗೆ, ಸ್ವಿಚ್ಚೂ ನುಣ್ಣಗೆ. ಕೈಗೆ ಏನೂ ಸಿಗಲ್ಲ. ಇಲ್ಲಾದರೆ ಮನೆ ನನಗೆ ಬಾಯಿಪಾಠ. ಒಲೆ ಹಚ್ಚೋದು ಬೇಡ ಅಂದರೆ ಬಿಡ್ತೀನಿ, ನೀನು ಹಗಲಲ್ಲಿ ಮಾಡಿಟ್ಟು ಹೋಗು. ಆದರೆ ನನ್ನನ್ನ ಕೂರಿಸಬೇಡಿ."

"ಹೇಳಲ್ಲ, ಅತ್ತೆ."

"ಆಫೀಸಲ್ಲೂ. ನಿನ್ನ ಕೆಲಸ ಏನು ಅಂತ ನನಗೆ ಗೊತ್ತು."

ಟಿಕ್.

೫

ಈ ಅಧ್ಯಾಯವನ್ನು ಮೂರು ಸಲ ಹರಿದುಹಾಕಿದ್ದೇನೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬಂತೆ, ಒಂದು ಹಳೆಯ ಸುಳ್ಳಿಗೆ ಇಷ್ಟು ತಡವಾಗಿ ನಿಜ ಹುಟ್ಟಿತು, ಅದೂ ನನ್ನ ಅಡುಗೆಮನೆಯಲ್ಲಿ. ನೀವು ನಂಬುವುದಿಲ್ಲ. ಇದನ್ನು ಯಾರಾದರೂ ಬರೆದುಕೊಟ್ಟಿದ್ದರೆ ನಾನೇ ಕೆಂಪು ಗೀಟು ಎಳೆದು 'ತೀರಾ ಕೂಡಿಬಂದಿದೆ, ಸ್ವಲ್ಪ ಕೆಡಿಸಿ' ಎಂದು ಬರೆಯುತ್ತಿದ್ದೆ.

ಕೆಡಿಸಿ ನೋಡಿದೆ. ಅತ್ತೆಯನ್ನು ಸೊಸೆಗೆ ಶಾಪ ಹಾಕುವವಳಾಗಿ ಮಾಡಿದೆ. "ನಾನ್ಯಾವಾಗ ನಿನಗೆ ಶಾಪ ಹಾಕಿದೆ?" ಎಂದು ಅವಳು ಹಾಳೆಯಿಂದಲೇ ಗದರಿದಳು. ತೆಗೆದೆ.

ಭಾನುವಾರವೆಲ್ಲ ಎರಡು ಮುಕ್ತಾಯ ಬರೆದೆ.

ಮೊದಲನೆಯದು: ಕುರ್ಚಿಯಲ್ಲಿ ಕೂತು ನಿಜ ಹೇಳುತ್ತೇನೆ. 'ನನಗೆ ಗೊತ್ತಿರುವ ಒಬ್ಬರು' ಎಂದು ಶುರು ಮಾಡುತ್ತೇನೆ. ಲೋಟದೊಳಗಿನ ಬೆರಳಿಗೆ ಬರುವಷ್ಟರಲ್ಲಿ ರೂಮು ಗೆದ್ದಿರುತ್ತೇನೆ. ಸ್ಪ್ರಿಂಗ್ ಸ್ವಿಚ್ಚು ಉಳಿಯುತ್ತದೆ. ಆಮೇಲೆ ಜಾಹೀರಾತಿನವರು ಮನೆಗೆ ಬರುತ್ತಾರೆ. ಬೆಕ್ಕಿನ ಜಾಗದಲ್ಲಿ ಅತ್ತೆಯ ಮುಖ. ನನ್ನ ಗಂಡ ಡಬ್ಬಿ ನೋಡುತ್ತಾರೆ. ಅತ್ತೆಯ ಪೆಟ್ಟಿಗೆ ಬಾಗಿಲ ಬಳಿ.

ಎರಡನೆಯದು: ಮಗು ಅಳುತ್ತದೆ. ತಾಯಿ ಅಳುತ್ತಾಳೆ. ನನಗೆ ಬಡ್ತಿ. ಅತ್ತೆಯ ಗುಟ್ಟು ಉಳಿಯುತ್ತದೆ, ಅತ್ತೆಯ ಟಕ್ ಹೋಗುತ್ತದೆ.

ಬಾಯಲ್ಲಿ ಬಿಸಿತುಪ್ಪ. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ಬೇಗ ಹೇಳಿ, ಸೋಮವಾರ ಬಂತು.

೬

ಕೂತೆ. ಮರದ ಕುರ್ಚಿ ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು.

ಬಾಯಿ ತೆರೆದೆ. 'ಒಬ್ಬ ತಾಯಿ' ಎನ್ನಬೇಕು. ಬರಲಿಲ್ಲ. 'ನನಗೆ ಗೊತ್ತಿರುವ ಒಬ್ಬರು' ಅನ್ನೋಣವೆಂದರೆ ಅದೂ ಬರಲಿಲ್ಲ. ಮುಚ್ಚಿದೆ.

ಎಲ್ಲರೂ ಕಾದರು. ಕುರ್ಚಿಯಲ್ಲಿ ಕೂತವರನ್ನು 'ಏನಾಯ್ತು' ಎಂದು ಕೇಳುವಂತಿಲ್ಲವಲ್ಲ, ಯಾರೂ ಕೇಳಲಿಲ್ಲ. ಫ್ಯಾನಿನ ಸದ್ದು. ಕಾರಿಡಾರಿನಲ್ಲಿ ಯಾರದೋ ಚಪ್ಪಲಿ. ಮಾಮ ನನ್ನನ್ನು ನೋಡಿ ಹುಬ್ಬು ಹಾರಿಸಿದರು: ಎಬ್ಬಿಸಮ್ಮ ಅಜ್ಜೀನ! ನನ್ನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ನಾಟಕ ಅಂದುಕೊಂಡಾರು ಎಂಬ ಭಯ.

ಎಷ್ಟೋ ಹೊತ್ತಿನ ಮೇಲೆ ಮೇಡಂ ನಿಧಾನವಾಗಿ ಎದ್ದು ನಿಂತರು.

"ಕೇಳಿಸ್ತಾ?" ಎಂದರು, ಎಲ್ಲರಿಗೂ. "ಇದೇ. ಈ ನಿಶ್ಶಬ್ದಾನೇ ನಾವು ಮಾರಬೇಕಾಗಿರೋದು. ಇಷ್ಟು ವರ್ಷದಲ್ಲಿ ಈ ಕುರ್ಚಿಯಿಂದ ಬಂದ ಅತ್ಯುತ್ತಮ ಕಥೆ ಇದು."

ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಲೆಕ್ಕದವರು ಕನ್ನಡಕ ಒರೆಸಿಕೊಂಡರು. ಅಂಕಿಅಂಶ ಪರದೆಯ ಮೇಲೆ ಬಂತು, ಯಾರೂ ನೋಡಲಿಲ್ಲ. ಸ್ಪ್ರಿಂಗ್ ಸ್ವಿಚ್ಚು ನಿಲ್ಲಿಸುವುದು, ಗಾಜಿನದು ಶುರು ಮಾಡುವುದು, ತೀರ್ಮಾನವಾಯಿತು. ಮಾಮ ಕೂಡ ಕೈಯೆತ್ತಿದರು. ಕಣ್ಣಲ್ಲಿ ನೀರು.

(ಮೇಡಂ ನಿಜಕ್ಕೂ ಹಾಗೆ ಕೇಳಿಸಿಕೊಂಡರೋ, ಮರ್ಯಾದೆ ಹೋಗುತ್ತಿದ್ದವಳನ್ನು ಉಳಿಸಿದರೋ ನನಗೆ ಗೊತ್ತಿಲ್ಲ. ಲೇಖಕಿಗೆ ಎಲ್ಲ ಗೊತ್ತಿರಬೇಕೆಂಬ ನಿಯಮ ಯಾವ ಕುರ್ಚಿಯಲ್ಲೂ ಬರೆದಿಲ್ಲ.)

೭

"ಏನು ಹೇಳಿದೆ?" ಎಂದರು ಅತ್ತೆ, ಚಪ್ಪಲಿ ಬಿಡುವಷ್ಟರಲ್ಲೇ.

"ಏನೂ ಹೇಳಲಿಲ್ಲ, ಅತ್ತೆ."

"ಒಳ್ಳೇದಾಯ್ತು," ಎಂದು ನನ್ನ ಭುಜ ಹುಡುಕಿ ತಟ್ಟಿದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ರಾತ್ರಿ ಊಟದ ಹೊತ್ತಿಗೆ ಗಂಡ ನನ್ನ ಫೋನಿನಲ್ಲಿ ಕಂಪನಿಯ ಸಂದೇಶ ಓದಿದರು.

"ಓಹೋ, ಹೊಸದು ಗಾಜಿನದಂತೆ! ಸಿಬ್ಬಂದಿ ಮನೆಗೆ ಮೊದಲು, ಪುಕ್ಕಟೆ. ಹಾಕಿಸಿಬಿಡೋಣ ಇಡೀ ಮನೆಗೆ. ಈ ಹಳೇ ಟಕಟಕ ಸಾಕಾಗಿದೆ. ಏನಮ್ಮಾ?"

ಅತ್ತೆಯ ಕೈ ತಟ್ಟೆಯ ಅಂಚಿನಲ್ಲಿ ನಿಂತುಬಿಟ್ಟಿತು.

"ಬೇಡ," ಎಂದೆ.

"ಯಾಕೆ? ನಿನ್ನ ಕಂಪನೀದೇ ಅಲ್ವಾ?"

ಯಾಕೆ. ಪ್ರಶ್ನೆ ಕೇಳಬಾರದ ಕುರ್ಚಿ ನಮ್ಮ ಊಟದ ಮೇಜಿನ ಬಳಿ ಇಲ್ಲ. ಕಥೆಯೊಂದು ಬೇಕು, ಈಗಲೇ, ತಿದ್ದುಪಡಿಗೆ ಸಮಯವಿಲ್ಲ.

"ನನ್ನ ಹುಚ್ಚು ನಿಮಗೆ ಗೊತ್ತಲ್ಲ," ಎಂದೆ. "ಒಲೆ ಆರಿಸಿದೆನಾ ಅಂತ ಬೀದಿಯಿಂದ ಓಡಿಬರೋಳು ನಾನು. ಟಿಕ್ ಅನ್ನದಿದ್ದರೆ ಲೈಟ್ ಆರಿದೆಯೋ ಇಲ್ವೋ ಅಂತ ರಾತ್ರಿಯಿಡೀ ಎದ್ದೆದ್ದು ನೋಡ್ತೀನಿ. ನಿಮ್ಮನ್ನೂ ಮಲಗೋಕೆ ಬಿಡಲ್ಲ."

ಗಂಡ ಜೋರಾಗಿ ನಕ್ಕರು. "ಅಯ್ಯೋ, ಬೇಡ ಮಾರಾಯ್ತಿ! ನಿನ್ನ ಟಿಕ್ ನಿನಗೇ ಇರಲಿ. ಅಮ್ಮಾ, ನಿನ್ನ ಸೊಸೆ ನೋಡು."

"ನೋಡ್ತಾನೇ ಇದೀನಲ್ಲ," ಎಂದರು ಅತ್ತೆ, ನನ್ನ ದನಿ ಬಂದ ಕಡೆಗೆ ತಿರುಗಿ.

ನಾನು ಬರೆದ ಕಥೆಗಳಲ್ಲೆಲ್ಲ ತೀರಾ ಚಿಕ್ಕದು. ಬೆಕ್ಕೂ ಇಲ್ಲ.

ಹೀಗೆ ಎಷ್ಟು ದಿನ? ಸ್ಪ್ರಿಂಗು ಸವೆಯುತ್ತದೆ. ಅಂಗಡಿಯಲ್ಲಿ ಸಿಗದ ದಿನ ಬರುತ್ತದೆ. ಇನ್ನೊಂದು ಸಲ ಜಾರಬಹುದು. ಆಗ 'ನಿನಗೆ ಗೊತ್ತಿತ್ತಾ?' ಎಂದು ಕೇಳುತ್ತಾರೆ. ಆ ಮುಕ್ತಾಯವನ್ನು ಬರೆಯಲು ನನ್ನನ್ನು ಕರೆಯಬೇಡಿ. ಬರೆಯುವುದಿಲ್ಲ.

ಮತ್ತೆ, ನೀವು. ಅತ್ತೆಗೆ ಮಾತು ಕೊಟ್ಟು ನಿಮಗೆಲ್ಲ ಹೇಳಿಬಿಟ್ಟೆನಲ್ಲ ಎನ್ನುತ್ತೀರಿ. ನೋಡಿ, ಅದು ಅತ್ತೆ ಅಲ್ಲದಿರಬಹುದು. ಅಮ್ಮ ಇರಬಹುದು, ನಾನೇ ಇರಬಹುದು. ಸ್ವಿಚ್ಚಿನ ಜಾಗದಲ್ಲಿ ಬಾಗಿಲ ಚಿಲಕವನ್ನಿಟ್ಟು ಓದಿಕೊಂಡರೂ ನನಗೆ ಬೇಸರವಿಲ್ಲ. ಈಗ ಮರದ ಕುರ್ಚಿಯಲ್ಲಿ ಕೂತಿರುವವರು ನೀವು. ನೀವು ಸುಮ್ಮನಿದ್ದರೂ ಯಾರೋ ಅದರಿಂದ ಏನೋ ತೀರ್ಮಾನಿಸಿಯಾರು, ಹುಷಾರು.

ಟಕ್.

ಗಂಡ ಮಗ್ಗುಲು ಬದಲಿಸಿದರು. "ಏನದು ಸದ್ದು?"

ಟಿಕ್ ಇನ್ನೂ ಬಂದಿಲ್ಲ. ಕಿವಿಗೊಟ್ಟು ಕಾಯುತ್ತಿದ್ದೇನೆ. ಬರಲಿ, ಬಾರದಿರಲಿ, ಇವರಿಗಾಗಲಿ ಇನ್ಯಾರಿಗಾಗಲಿ ಹೇಳುವುದಿಲ್ಲ.

"ಏನಿಲ್ಲ," ಎಂದೆ. "ಮಲಗಿ."