ಎತ್ತು ಹೂಡದ ಊರು

ಹಸಿ ಎರೆಮಣ್ಣಿನ ವಾಸನೆ, ಊದುಬತ್ತಿಯ ಹೊಗೆಯನ್ನೂ ವಿಭೂತಿಯ ಘಾಟನ್ನೂ ದಾಟಿ ಪಡಸಾಲೆಗೆ ನುಗ್ಗಿ ಶ್ರೀಶೈಲನ ಮೂಗಿಗೆ ಬಡಿಯಿತು, ನಿನ್ನೆಗಿಂತ ತೆಳ್ಳಗೆ, ಹೌದು, ನಿನ್ನೆ ಇದೇ ಹೊತ್ತಿಗೆ ಬಾಯಿಗೆ ಹಾಕಿಕೊಂಡು ಅಗಿಯುವಷ್ಟು ದಪ್ಪ ಇತ್ತು, ಇವತ್ತು ಗಾಳಿ ಎದ್ದಿದೆ, ಬಿಸಿಲು ಬಿದ್ದಿದೆ, ಮೇಲ್ಮಣ್ಣು ಬಿಳುಪು ತಿರುಗುತ್ತಿದೆ, ಬಿತ್ತುವ ಹದ ಹೋಗುತ್ತಿದೆ — ಅಪ್ಪ ಮಾತ್ರ ಗೋಡೆಗೆ ಒರಗಿ ಕೂತಿದ್ದಾನೆ, ತಲೆ ಬಾಗದಂತೆ ಹಣೆಗೆ ಬಿಳಿ ಬಟ್ಟೆ ಬಿಗಿದು ಗೂಟಕ್ಕೆ ಕಟ್ಟಿದ್ದಾರೆ, ಮೈತುಂಬ ವಿಭೂತಿ, ತೊಡೆಯ ಮೇಲೆ ಪತ್ರಿ, ನಿನ್ನೆ ಬೆಳಗಿನಿಂದ ಹೀಗೇ, ಸತ್ತವನ ಹಾಗಲ್ಲ, ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳುವವನ ಹಾಗೆ. ಹೆಣ ಊರೊಳಗಿರುವ ತನಕ ಯಾರೂ ಎತ್ತು ಹೂಡುವಂತಿಲ್ಲ. ಮಗಳು ಬಂದು ಮುಖ ನೋಡುವ ತನಕ ಹೆಣ ಎತ್ತುವಂತಿಲ್ಲ. ಮಗಳು, ಅಂದರೆ ಅಕ್ಕ ಸಿದ್ದಲಿಂಗವ್ವ, ಇರುವುದು ದೂರದ ಮೋರಟಗಿಯಲ್ಲಿ. ಊರಿನ ಕೂರಿಗೆಗಳೆಲ್ಲ ಅಂಗಳಗಳಲ್ಲಿ ಅಡ್ಡ ಬಿದ್ದಿವೆ, ಹೊರಗೆ ಕಟ್ಟೆಯ ಮೇಲೆ ಯಾರೋ ಅನ್ನುತ್ತಿದ್ದಾನೆ, ಪರಪ್ಪ ಇದ್ದಾಗೂ ಹದಾ ತಾನ ಹೇಳಬೇಕು ಅಂತಿದ್ದ, ಸತ್ತಮ್ಯಾಲೂ ಬಿಡವಲ್ಲ ನೋಡು, ಇನ್ನೊಬ್ಬ ನಕ್ಕ, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿದ, ಮುಚ್ಚುವುದೇಕೆ, ನಗಲಿ, ಸುಳ್ಳೇನು ಹೇಳಿದ ಅವನು.

ಮೊನ್ನೆಯೇ ಹೇಳಿದ್ದನಲ್ಲ ಶ್ರೀಶೈಲ, ಹಸ್ತಾ ಮಳೆ ನಿಂತ ಮರುದಿನ, ಬದುವಿನ ಮೇಲೆ ನಿಂತು, ಎಪ್ಪಾ, ಈಗ ಹೂಡೂಣು, ಮುಳವಾಡದ ಕಡೆ ಆಗಲೇ ಬಿತ್ತಾಕತ್ತಾರ. ಅಪ್ಪ ಬಾಗಿ ಒಂದು ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟ, ಉಂಡೆ ಒಡೆಯಲಿಲ್ಲ, ಚಪ್ಪಟೆಯಾಗಿ ಕೂತಿತು. ಕಂಡ್ಯಾ, ಇನ್ನ ರಾಡಿ ಐತಿ, ಕೂರಿಗಿಗೆ ಮೆತ್ತತೈತಿ, ಒಂದ ದಿನ ತಡಿ. ಒಂದು ದಿನ! ನಾಳೆ ಬಿಸಿಲು ಹೆಂಗ ಬೀಳತೈತೋ ಯಾರಿಗೊತ್ತು ಅಂದರೆ, ನಿನಗ ಹದಾ ತಿಳಿಯಂಗಿದ್ರ ಈ ವಯಸಿನಾಗ ನಾ ಯಾಕೋ ಬಟ್ಟಲಾ ಹಿಡೀತಿದ್ದೆ — ಅದೇ ಮಾತು, ಹತ್ತು ವರ್ಷದಿಂದ ಅದೇ, ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈ ಅಪ್ಪನದೇ ಆಗಬೇಕು, ಮಗ ಎತ್ತಿನ ಮುಂದೆ ನಡೆಯಬೇಕು, ಸಾಲು ಸೊಟ್ಟಾದರೆ ಬಾರುಕೋಲು ಎತ್ತಿಗೂ ಬೀಳಬೇಕು, ಮಗನಿಗೂ ಬೀಳಬೇಕು. ಶಾಲೆ ಬಿಡಿಸಿದವನೂ ಇವನೇ, ಈ ಹದದ ಹೆಸರಿನಲ್ಲೇ, ಆರನೆಯ ಇಯತ್ತೆಯ ಬಾಗಿಲಲ್ಲಿ ರುಮಾಲು ಸರಿಮಾಡಿಕೊಂಡು ನಿಂತು, ಮಾಸ್ತರ, ಹದಾ ಐತ್ರಿ, ನಾಕ ದಿನ ಹುಡುಗನ್ನ ಕಳಸ್ರಿ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮಾಸ್ತರರು ಎರಡು ಸಲ ಮನೆಗೆ ಬಂದರು, ಚಹಾ ಕುಡಿದು ಹೋದರು, ಮೂರನೆಯ ಸಲ ಬರಲಿಲ್ಲ. ಅಷ್ಟೆಲ್ಲ ಕಸಿದುಕೊಂಡವನು ಒಂದು ಬಟ್ಟಲು ಕೊಡಬಾರದಿತ್ತೇ — ಅವ ಹೇಳಿದಂತೆ ಒಂದು ದಿನ ತಡೆದದ್ದೂ ಆಯಿತು, ನಿನ್ನೆ ಸೂರ್ಯ ಹುಟ್ಟುವ ಮುಂಚೆ ಬೀಜದ ಚೀಲ ಅಂಗಳಕ್ಕೆ ಬಂತು, ಅಪ್ಪ ಮಣ್ಣು ಮೂಸಿ, ಹಾಂ, ಇವತ್ತ ನೋಡು ಹದಾ ಅಂದ, ಅಂದು ನೊಗದ ಹಗ್ಗ ಬಿಗಿಯಲು ಬಾಗಿದವನು ಹಾಗೆಯೇ ಎತ್ತಿನ ಕಾಲ ಬಳಿ ಕುಸಿದು ಕೂತ. ಎಪ್ಪಾ. ಎಪ್ಪಾ. ಎತ್ತು ಕಾಲು ಸಹ ಎತ್ತಲಿಲ್ಲ. ಆಗ ಶ್ರೀಶೈಲನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು, ಇವತ್ತೇ ಆಗಬೇಕಿತ್ತೇನೋ ಮುದುಕ, ನಾಳೆ ಆಗಿದ್ದರೆ ಏನಾಗುತ್ತಿತ್ತು — ಹೀಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು, ಆಮೇಲೆ ಆ ಸಿಟ್ಟಿನ ಮೇಲೂ ಸಿಟ್ಟು.

ಅಕ್ಕನಿಗೆ ಸುದ್ದಿ ಮುಟ್ಟಿಸಲು ನಿನ್ನೆ ನಬಿಸಾಬ ಸೈಕಲ್ ಹೊತ್ತುಕೊಂಡೇ ಬಾಗೇವಾಡಿಗೆ ಹೋಗಿದ್ದ, ತುಳಿದದ್ದು ಕಡಿಮೆ ಹೊತ್ತದ್ದು ಹೆಚ್ಚು, ಸಿಂದಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟು ರಾತ್ರಿ ತಿರುಗಿ ಬಂದ, ಮುಟ್ಟಸ್ತೇನಿ ಅಂದಾನ್ರೀ, ಮುಟ್ಟಸ್ತಾನೋ ಬಿಡ್ತಾನೋ. ಮುಟ್ಟಿಸಿದರೂ ಅಕ್ಕ ಬಾಗೇವಾಡಿಯಲ್ಲಿ ಇಳಿದು ಮೂರು ಹರದಾರಿ ನಡೆಯಬೇಕು, ಈ ಎರೆಯಲ್ಲಿ ಬಂಡಿ ಬರುವುದಿಲ್ಲ, ಗಾಲಿ ಅಚ್ಚಿನ ತನಕ ಹೂಳುತ್ತದೆ, ಹೊಲಕ್ಕೆ ಹದ ತಂದ ಮಳೆಯೇ ಅಕ್ಕನ ದಾರಿ ಮುಚ್ಚಿದೆ. ಬೆಳಿಗ್ಗೆ ಶ್ರೀಶೈಲ ನಬಿಸಾಬನ ಅಪ್ಪನ ಹತ್ತಿರ ಹೋಗಿದ್ದ, ದಾವಲಮಲಿಕ ಕಾಕಾ ಗೋದಲಿಯ ಬಳಿ ಎತ್ತಿಗೆ ಕಣಿಕೆ ಹಾಕುತ್ತಿದ್ದ, ಅವನಿಗೊಂದು ಎತ್ತು, ಅಪ್ಪನಿಗೊಂದು ಎತ್ತು, ಎರಡು ಮನೆ ಕೂಡಿದರೇ ಒಂದು ಜೋಡಿ, ಮೂವತ್ತು ವರ್ಷದಿಂದ ಹೀಗೆಯೇ. ಕಾಕಾ, ನೀವರ ಹೇಳ್ರಿ ಹಿರ್ಯಾರಿಗೆ, ಹೂಡೂಣು, ಬೇಕಾರ ಊರ ಆಚಿ ಹೊಲದಾಗ ಹೂಡೂಣು, ಯಾರಿಗೆ ಕಾಣತೈತಿ. ಮುದುಕ ಕಣಿಕೆ ಕೆಳಗಿಟ್ಟ. ನಮ್ಮಪ್ಪ ತೀರಿಕೊಂಡಾಗ ಚಿತ್ತಾ ಮಳಿ ಆಗಿತ್ತು, ನಾವರ ಮಧ್ಯಾಹ್ನಕ್ಕ ಮಣ್ಣ ಕೊಟ್ಟು ಬಂದ್ವಿ, ನಿಮ್ಮಪ್ಪ ಪರಪ್ಪ ಬಂದು, ಮೂರ ದಿನ ನಿನ್ನ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ ಅಂದ, ಹದಾ ಹೋತಲ್ಲೋ ಅಂದ್ರ, ಹೋಗಲಿ ಬಿಡೋ ಮಲಿಕಾ ಅಂದ, ಆ ವರ್ಷ ಇಬ್ಬರ ಹೊಲದಾಗೂ ಜ್ವಾಳಾ ಮಣಕಾಲ ಮ್ಯಾಲ ಬರಲಿಲ್ಲ. ಈಗ ನನಗ ಹೂಡು ಅಂತೀಯಾ. ಶ್ರೀಶೈಲ ತಿರುಗಿ ಬಂದ, ಹಲ್ಲು ಕಚ್ಚಿಕೊಂಡು ಬಂದ — ಹೋಗಲಿ ಬಿಡು ಅಂದಿದ್ದನಂತೆ ಅಪ್ಪ, ಊರ ಮಂದಿಗೆ ಅನ್ನಲು ಬಂದ ಮಾತು ಮನೆಯವರಿಗೆ ಒಮ್ಮೆಯೂ ಬರಲಿಲ್ಲ.

ಬಿಸಿಲು ಹೊಸ್ತಿಲು ದಾಟಿತು. ಭಜನೆಯವರ ಗಂಟಲು ಹರಿದು ತಾಳವೊಂದೇ ಉಳಿದಿದೆ. ಅಪ್ಪನ ತುಟಿ ಕಪ್ಪಾಗಿದೆ, ಹೊಟ್ಟೆ ಉಬ್ಬುತ್ತಿದೆ, ಎಲ್ಲರಿಗೂ ಕಾಣುತ್ತಿದೆ, ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದಾರೆ, ಎತ್ತೂಣು ಅನ್ನಲಿ ಯಾರಾದರೂ, ಒಬ್ಬರಾದರೂ, ಶ್ರೀಶೈಲನ ಬಾಯಲ್ಲಿ ಆ ಮಾತು ನಿನ್ನೆಯಿಂದ ಕಲ್ಲಿನ ಹಾಗೆ ಹೊರಳುತ್ತಿದೆ, ಮಗನಾಗಿ ಅನ್ನುವುದು ಹೇಗೆ — ಕಡೆಗೆ ಆ ಮಾತು ಅಂದವಳು ಅವ್ವ. ನಿನ್ನೆಯಿಂದ ಬಾಯಿ ತೆರೆಯದ ರುಕ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು, ಎತ್ರಿ ಅಂದಳು. ಮಠದ ಅಯ್ಯ, ರುಕ್ಮವ್ವಾ, ಮಗಳು ಬರೂದೈತಲ್ಲ ಅಂದರು. ಮಗಳು ಹುಟ್ಟಿದ ದಿನ ಕರಿಯಾಕ ಕಳಿಸಿದ್ರ, ಇನ್ನ ನಾಕ ಸಾಲ ಅದಾವು ಅಂದ ಈ ಗಂಡಸು, ಕತ್ತಲಾದ ಮ್ಯಾಲ ಬಂದು ಕೂಸಿನ ಮಾರಿ ನೋಡ್ಯಾನ. ಆಕಿಗೂ ಗೊತ್ತೈತಿ ಇವ ಎಂಥಾವ ಅಂತ. ಎತ್ರಿ, ಸಂಜಿ ಅಂದ್ರ ಹೊಲಾ ಒಣಗಿ ಸೆಟಿತೈತಿ. ಈಗ, ಈಗ ಶ್ರೀಶೈಲನಿಗೆ ಇನ್ನೊಂದು ಮಾತು ಬಂತು, ಯವ್ವಾ, ಇನ್ನೊಂದ ತಾಸ ನೋಡೂಣು, ನಾಲಿಗೆಯ ತುದಿಗೆ ಬಂತು, ಎಲ್ಲರೂ ಅವನ ಮುಖ ನೋಡಿದರು, ಒಂದು ತಾಸು, ಅಂದಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ — ಹೊರಗೆ ಗಾಳಿ ಬೀಸಿತು, ಒಣಗಾಳಿ. ಅವನು ಎದ್ದು ಅಪ್ಪನ ಹಣೆಯ ಪಟ್ಟಿ ಬಿಚ್ಚಿದ.

ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಅಪ್ಪನನ್ನು ಕೂಡಿಸಿದರು, ಗುಂಡಿಯ ಗೋಡೆ ಮೊಳದಾಳದ ತನಕ ಇನ್ನೂ ತಣ್ಣಗೆ, ಹಸಿ ಐತಿ, ಹಸಿ ಐತಿ ಎಂದು ಮಣ್ಣು ಕೊಡುವವರೇ ಪಿಸುಗುಟ್ಟಿದರು, ಕಡೆಯ ಹಿಡಿ ಬೀಳುವುದೇ ತಡ ಊರಿಗೆ ಊರೇ ಎತ್ತು ಹೂಡಲು ಓಡಿತು, ನಮ್ಮ ಲಿಂಗವಂತರಿಗೆ ಸೂತಕ ಇಲ್ಲಪಾ, ಮೈ ತೊಳಕೊಂಡು ಹೂಡು ಎಂದರು ಅಯ್ಯ, ದಾವಲಮಲಿಕ ಕಾಕಾ ಎರಡೂ ಎತ್ತು ತಂದು ಹೂಡಿ, ಎತ್ತ ನಾ ಹೊಡೀತೇನಿ, ಬಟ್ಟಲಾ ಹಿಡಿ ಎಂದ, ಶ್ರೀಶೈಲ ಹಿಡಿದ, ತಾನೇ ಹಿಡಿದ, ಒಂದು ಸಾಲು, ಎರಡು, ಬೆರಳ ಸಂದಿಯಿಂದ ಕಾಳು ಒಮ್ಮೆ ಗುಂಪಾಗಿ ಒಮ್ಮೆ ಬರಿದಾಗಿ, ನೋಡು ಮುದುಕ, ನೋಡು, ಕೈ ಕೂಡುತ್ತಿದೆ, ಏಳನೆಯ ಸಾಲಿಗೆ ನೆಟ್ಟಗೆ ಇಳಿಯುತ್ತಿದೆ — ಬಾಗೇವಾಡಿ ದಾರಿಯಲ್ಲಿ ಯಾರೋ. ಹೆಂಗಸು. ಚಪ್ಪಲಿ ಕೈಯಲ್ಲಿ, ಸೀರೆ ಎತ್ತಿ ಕಟ್ಟಿದ್ದಾಳೆ, ಒಂದೊಂದು ಕಾಲನ್ನೂ ಕಿತ್ತು ಕಿತ್ತು ಇಡುತ್ತ ಓಡುತ್ತಿದ್ದಾಳೆ, ಅದನ್ನು ಓಟ ಅನ್ನಬಹುದಾದರೆ. ಬದುವಿಗೆ ಬಂದವಳು ನಿಂತಳು. ಅವಳು ನೋಡಿದ್ದು ತಮ್ಮನನ್ನಲ್ಲ, ಎತ್ತಿನ ಹೆಗಲ ಮೇಲಿನ ನೊಗವನ್ನು. ಹೂಡೀರೇನೋ, ತಮ್ಮಾ. ಅಷ್ಟೇ. ಕಾಕಾ ಎತ್ತು ನಿಲ್ಲಿಸಿದ, ಕಾಳು ಮುಷ್ಟಿಯಲ್ಲೇ ಉಳಿಯಿತು, ಬೆವರಿಗೆ ಅಂಟಿತು, ಅಕ್ಕಾ ಅನ್ನಬೇಕು, ಒಂದು ತಾಸು ಅನ್ನಬೇಕಿತ್ತು, ಅವಳ ಕಾಲು, ಮೊಳಕಾಲ ತನಕ ಎರೆಮಣ್ಣು, ಹದ ಅನ್ನಲೇ, ಅವ್ವ ಅಂದಳು ಅನ್ನಲೇ, ಅವಳ ಕಾಲು, ಬೆರಳು ಕಾಣದ ಹಾಗೆ ಮೆತ್ತಿದ ಮಣ್ಣು, ಮೂರು ಹರದಾರಿಯ ಮಣ್ಣು, ಇನ್ನೂ ಹಸಿ, ಹಿಮ್ಮಡಿಯಿಂದ ಒಂದು ಹೆಂಟೆ ಬದುವಿನ ಹುಲ್ಲಿಗೆ ಬಿತ್ತು, ಅಪ್ಪ ಬಿಟ್ಟ ಉಂಡೆಯ ಹಾಗೆಯೇ ಇದೂ ಒಡೆಯಲಿಲ್ಲ, ಅವಳ ಕಾಲು —