ಬುಟ್ಟಿಗೆ ಹಾಕಿದ ಫೋನು

ಪ್ರತಿ ಗುರುವಾರ ಮೂಡಿಗೆರೆ ಬಸ್ಸು ಹತ್ತುವಾಗ ಪ್ರೇಮಕುಮಾರಿ ಒಂದು ಸುಳ್ಳನ್ನು ತಯಾರು ಮಾಡಿಕೊಂಡೇ ಹತ್ತುತ್ತಿದ್ದಳು. ತನ್ನೂರು ಗೋಣಿಬೀಡಿನವರು ಯಾರಾದರೂ ಎಲ್ಲಿಗೆ ಎಂದು ಕೇಳಿದರೆ ಹಲ್ಲಿನ ಡಾಕ್ಟರ ಹತ್ತಿರ ಎನ್ನಬೇಕು. ವಾರ ವಾರವೂ ಹಲ್ಲು ತೋರಿಸಲು ಹೋಗುವ ಹೆಂಗಸಿನ ಬಾಯಲ್ಲಿ ಇನ್ನೆಷ್ಟು ಹಲ್ಲು ಉಳಿದಿರಬಹುದು ಎಂದು ಊರಿನವರು ಯೋಚಿಸಿರಲಿಕ್ಕೂ ಸಾಕು. ಆದರೆ ನಿಜ ಹೇಳುವುದಾದರೂ ಹೇಗೆ? ಭಯದ ಕಾಯಿಲೆಗೆ, ಅದೂ ಹತ್ತಾರು ಜನರ ನಡುವೆ ಕೂತು ಮಾತಾಡುವ ಚಿಕಿತ್ಸೆಗೆ ಹೋಗುತ್ತೇನೆ ಎಂದರೆ, ಅವಳು ವಾಪಸ್ ಬರುವುದರೊಳಗೆ ಪ್ರೇಮಕ್ಕನಿಗೆ ತಲೆ ಕೆಟ್ಟಿದೆಯಂತೆ ಎಂಬ ಸುದ್ದಿ ಊರು ಸುತ್ತಿ ಮುಗಿಸಿರುತ್ತಿತ್ತು.

ಕಾಯಿಲೆ ಶುರುವಾದದ್ದು ಕೆಂಪಯ್ಯ ಸತ್ತ ಮೇಲೆ. ಅವರ ಕಾಫಿ ತೋಟದ ಹಳೆಯ ಆಳು ಅವನು. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ತೋಟದ ಒಳದಾರಿ ಹಿಡಿದವನು ತಿರುವಿನಲ್ಲಿ ಆನೆಗೆ ಸಿಕ್ಕಿಬಿಟ್ಟ. ಕೂಗು ಕೇಳಿದಾಗ ಲೋಟದ ನೀರು ಇನ್ನೂ ಆರಿರಲಿಲ್ಲ. ಅಂದಿನಿಂದ ಅವಳಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ತಣ್ಣಗಾಗುತ್ತಿತ್ತು, ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಇಸಿಜಿಯಲ್ಲಿ ಏನೂ ಇಲ್ಲ ಎಂದ ಡಾಕ್ಟರು ಈ ಗುಂಪಿಗೆ ಕಳಿಸಿದ್ದರು.

ಭಯದ ಬೇರು ಫೋನಿನಲ್ಲಿತ್ತು. ಆನೆ ಯಾವ ತೋಟದಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗುಂಪು ಅದರಲ್ಲಿತ್ತು. ಮೆಸೇಜು ಬಂದ ಕೂಡಲೇ ಅವಳು ಗಂಡ ಏಕಾಂತಪ್ಪನಿಗೆ ಫೋನು ಮಾಡಬೇಕು. ಅವನ ದನಿ ಕೇಳುವವರೆಗೂ ಉಸಿರು ಕಟ್ಟಿಕೊಂಡಿರಬೇಕು. ಏಕಾಂತಪ್ಪನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಮಗಳು ಕೊಡಿಸಿದ ದೊಡ್ಡ ಫೋನು ತೋಟದ ಕೆಲಸಕ್ಕೆ ಆಗಿಬರುವುದಿಲ್ಲವೆಂದು ಅದನ್ನು ಬೀರುವಿನೊಳಗೆ ಸೀರೆಗಳ ನಡುವೆ ಮಲಗಿಸಿದ್ದ. ಹೆಂಡತಿ ಫೋನು ಮಾಡಿದಾಗಲೆಲ್ಲ ಆಳುಗಳ ಎದುರು ಸಿಡುಕುತ್ತಿದ್ದ. ಒಂದು ಗುರುವಾರ ಅವಳು ಹೊರಡುವಾಗಲೂ ಹಾಗೇ ಸಿಡುಕಿದ್ದ.

"ಇವತ್ತಾದ್ರೂ ನೆಮ್ಮದಿಯಾಗಿ ಹಣ್ಣು ಕೊಯ್ಸಕ್ಕೆ ಬಿಡು ಮಾರಾಯ್ತಿ. ನಿನ್ನ ಕಾಯಿಲೇಲಿ ನನ್ನನ್ಯಾಕೆ ಎಳೀತೀಯ?"

ಚಿಕಿತ್ಸೆ ನಡೆಯುವುದು ಒಂದು ಮಹಡಿಯ ಕೋಣೆಯಲ್ಲಿ. ನಡೆಸುವವಳು ಅರ್ಚನಾ, ದಾವಣಗೆರೆ ಕಡೆಯ ಹುಡುಗಿ, ಆನೆಯನ್ನು ದಸರಾ ಮೆರವಣಿಗೆಯಲ್ಲಿ ಮಾತ್ರ ಕಂಡವಳು. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬೇಕು, ಫೋನನ್ನು ನಡುವೆ ಇಟ್ಟ ಬಿದಿರಿನ ಬುಟ್ಟಿಗೆ ಹಾಕಬೇಕು ಎಂಬುದು ಅವಳ ನಿಯಮ. ಹೆಸರು ಹಿಡಿಯುವುದು ಮಾತ್ರ ಗುರುವಯ್ಯನಿಂದ ಆಗಲೇ ಇಲ್ಲ. ಹೆಂಡತಿ ತೀರಿದ ಮೇಲೆ ಮಾತನ್ನೇ ಬಿಟ್ಟಿದ್ದ ಆ ಮುದುಕ ಒಂದು ಕಾಲಕ್ಕೆ ಪಕ್ಕದ ಎಸ್ಟೇಟಿನ ಮೇಸ್ತ್ರಿ. ಪ್ರೇಮಕುಮಾರಿಯ ಎದುರು ಕುರ್ಚಿಯ ತುದಿಯಲ್ಲಿ ಕೂತು, ಅಮ್ಮಾವ್ರೇ ಎಂದೇ ಕರೆಯುತ್ತಿದ್ದ.

ಪ್ರೇಮಕುಮಾರಿಗೆ ಬುಟ್ಟಿಯಿಂದ ಇಷ್ಟು ದಿನ ವಿನಾಯಿತಿ ಸಿಕ್ಕಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದಳು. ಆ ಗುರುವಾರ ಅದನ್ನು ಬುಟ್ಟಿಗೆ ಹಾಕುತ್ತೇನೆಂದು ಅವಳೇ ಒಪ್ಪಿಕೊಂಡಿದ್ದಳು. ಹಾಕಿದಳು. ಹಾಕಿದ ಕೈ ಬುಟ್ಟಿಯ ಅಂಚನ್ನು ಬಿಡಲು ತುಸು ಹೊತ್ತು ತೆಗೆದುಕೊಂಡಿತು.

ಪವಿತ್ರಾ ಎಂಬ ಬಾಣಂತಿ ತನಗೆ ಮಗುವನ್ನು ಎತ್ತಿಕೊಳ್ಳಲು ಹೆದರಿಕೆ ಎಂದು ಹೇಳುತ್ತಿದ್ದಾಗ ಬುಟ್ಟಿಯೊಳಗೆ ಗುರ್ ಎಂದಿತು. ಯಾರ ಫೋನು ಎಂದು ಪ್ರೇಮಕುಮಾರಿಗೆ ಗೊತ್ತಾಯಿತು.

"ಮೇಡಂ, ಆನೆ ಮೆಸೇಜು. ನಾನು ನೋಡ್ಬೇಕು."

"ಆನೆ ಅಂತ ಹೇಳ್ತಿರೋದು ಫೋನೋ, ನಿಮ್ಮ ಭಯಾನೋ?" ಅರ್ಚನಾ ಮೆತ್ತಗೆ ಕೇಳಿದಳು. "ಪ್ರತಿ ಸಲ ನೋಡಿದಾಗ್ಲೂ ನಿಮ್ಮ ಯಜಮಾನ್ರು ಚೆನ್ನಾಗೇ ಇದ್ರು ಅಲ್ವಾ? ಸ್ವಲ್ಪ ಹೊತ್ತು ಕಾಯೋಣ. ಅದಾಗೇ ಇಳಿಯುತ್ತೆ."

"ನಾವೆಲ್ಲ ಇದೀವಲ್ಲ ಅಮ್ಮಾವ್ರೇ," ಎಂದ ಗುರುವಯ್ಯ. ಅಷ್ಟು ವಾರಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಅದನ್ನು ತಳ್ಳಿಹಾಕುವುದು ಹೇಗೆ?

ಅವಳು ಕೂತಳು. ಬೆನ್ನು ಬೆವರಿತು. ಕೆಂಪಯ್ಯ ತೊಳೆದಿಟ್ಟ ಲೋಟ ಕಣ್ಣೆದುರು ಬಂತು. ಬುಟ್ಟಿ ಮತ್ತೆ ಗುರುಗುಟ್ಟಿತು, ಸುಮ್ಮನಾಯಿತು. ಸುಮ್ಮನಾದದ್ದಕ್ಕೆ ಇನ್ನೂ ಹೆಚ್ಚು ಭಯವಾಯಿತು. ಪವಿತ್ರಾ ಅವಳ ಕೈ ಹಿಡಿದುಕೊಂಡಳು. ಅರ್ಚನಾ ಹೇಳಿದ್ದು ಸುಳ್ಳಾಗಲಿಲ್ಲ, ಸ್ವಲ್ಪ ಹೊತ್ತಿಗೆ ಎದೆಯ ಬಡಿತ ಇಳಿಯಿತು. ಅವಳಿಗೇ ನಂಬಲಾಗಲಿಲ್ಲ. ಸಭೆ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ವರ್ಷದ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು.

ಆಮೇಲೆ ಫೋನು ತೆಗೆದಳು. ಒಂಟಿ ಸಲಗ ಅವರ ತೋಟದ ಒಳದಾರಿಯ ಬಳಿ ಇದೆ, ಆ ಕಡೆ ಯಾರೂ ಹೋಗಬಾರದು ಎಂದಿತ್ತು. ಮೆಸೇಜು ಬಂದು ಬಹಳ ಹೊತ್ತಾಗಿತ್ತು.

ಏಕಾಂತಪ್ಪನ ಫೋನು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಮನೆಗೆ ಹೊರಟಿದ್ದವರು ಬಾಗಿಲಲ್ಲೇ ನಿಂತರು. "ಕೆಲಸದಲ್ಲಿರ್ತಾರೆ," ಎಂದಳು ಅರ್ಚನಾ. ಆ ದನಿ ಅವಳದೇ ಅಲ್ಲವೇನೋ ಎಂಬಂತಿತ್ತು. ಪ್ರೇಮಕುಮಾರಿ ಅವಳ ಮುಖ ನೋಡಿದಳು. ಚಿಕಿತ್ಸೆ ಕೊಡುವವಳ ತುಟಿ ಬಿಳುಚಿಕೊಂಡಿತ್ತು. ತನ್ನ ಒಳಗೆ ವರ್ಷವೆಲ್ಲ ಇದ್ದದ್ದು ಇನ್ನೊಬ್ಬರ ಮುಖದ ಮೇಲೆ ಹೀಗೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಅತ್ತಲಿಂದಲೇ ಫೋನು ಬಂತು. ಅವಳು ಸ್ಪೀಕರ್ ಹಾಕಿ ಫೋನನ್ನು ಕುರ್ಚಿಯ ಮೇಲಿಟ್ಟಳು.

"ಪ್ರೇಮಾ, ನಾನೇ," ಏಕಾಂತಪ್ಪನ ದನಿ ಒಡೆದಿತ್ತು. "ಪಲ್ಪಿಂಗ್ ಶೆಡ್ಡಿನ ಮೇಲೆ ಹತ್ತಿ ಕೂತಿದ್ದೆ, ಈಗ ಇಳಿದೆ. ಫೋನು ಕೆಳಗೆ ಬಿದ್ದೋಗಿತ್ತು. ಆನೆ ಸ್ಕೂಟರ್‌ನ ತುಳಿದು ಹಾಕ್ತು. ನನಗೇನಾಗಿಲ್ಲ."

"ಒಳದಾರೀಲಿ ಯಾಕ್ರೀ ಹೋದ್ರಿ?"

ಏದುಸಿರಿನ ನಡುವೆ ಅವನೆಂದ:

"ನಿನ್ನ ಫೋನು ಬರ್ಲಿಲ್ಲ. ಬರ್ಲಿಲ್ಲ ಅಂದ್ಮೇಲೆ ಆನೆ ಇಲ್ಲ ಅಂದ್ಕೊಂಡೆ."

ಪ್ರೇಮಕುಮಾರಿಗೆ ಮೊದಲು ಬಂದದ್ದು ಅಳು, ಅದರ ಹಿಂದೆಯೇ ಬಂದದ್ದು ಸಿಟ್ಟು. ವರ್ಷವೆಲ್ಲ ಅವಳನ್ನು ರೋಗಿ ಎಂದವನು ಆ ರೋಗವನ್ನೇ ಕಾವಲಿಗೆ ಇಟ್ಟುಕೊಂಡು ನಿಶ್ಚಿಂತೆಯಿಂದ ತಿರುಗಾಡುತ್ತಿದ್ದ. ಹೆದರುವ ಕೆಲಸ ಹೆಂಡತಿಗೆ, ಧೈರ್ಯದ ಹೆಸರು ಗಂಡನಿಗೆ.

"ತಪ್ಪು ನಂದು," ಅರ್ಚನಾ ಕುರ್ಚಿಗೆ ಕುಸಿದು ಹೇಳಿದಳು. "ನಿಮ್ಮ ಭಯದ ಬಗ್ಗೆ ಎಲ್ಲಾ ಕೇಳಿದೆ. ಅದನ್ನ ನಂಬ್ಕೊಂಡು ಯಾರಿದಾರೆ ಅಂತ ಕೇಳ್ಲಿಲ್ಲ."

ಆ ರಾತ್ರಿ ಪ್ರೇಮಕುಮಾರಿ ಬೀರುವಿನಿಂದ ದೊಡ್ಡ ಫೋನು ತೆಗೆದು ಚಾರ್ಜಿಗೆ ಹಾಕಿದಳು. ಬೆಳಿಗ್ಗೆ ಗಂಡನನ್ನು ಆನೆಯ ಗುಂಪಿಗೆ ಸೇರಿಸಿ, ಫೋನನ್ನು ಅವನ ಜೇಬಿಗೆ ತುರುಕಿದಳು.

"ಇನ್ಮೇಲೆ ನಿಮ್ಮ ಆನೇನ ನೀವೇ ನೋಡ್ಕೊಳ್ಳಿ. ನಾನು ಫೋನ್ ಮಾಡಲ್ಲ."

ಎರಡೇ ದಿನಕ್ಕೆ ಏಕಾಂತಪ್ಪ ಊಟದ ನಡುವೆ ಎಡಗೈಯಲ್ಲಿ ಫೋನು ತಡವುವುದನ್ನು, ಬಾಳೆಗಿಡ ಅಲುಗಿದರೆ ಎದ್ದು ನಿಲ್ಲುವುದನ್ನು ಅವಳು ಕಂಡಳು. ಕಂಡು ಸಂತೋಷವಾಗಲಿಲ್ಲ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಗುರುವಾರ ಅರ್ಚನಾ ಬುಟ್ಟಿಯನ್ನು ಮೂಲೆಗೆ ಸರಿಸಿಟ್ಟಿದ್ದಳು. ಪ್ರೇಮಕುಮಾರಿಯೇ ಅದನ್ನು ನಡುವೆ ತಂದಿಟ್ಟು ತನ್ನ ಫೋನು ಹಾಕಿದಳು. ಸಭೆ ಅರ್ಧ ಆಗಿರಲಿಲ್ಲ, ಬುಟ್ಟಿ ಗುರುಗುಟ್ಟತೊಡಗಿತು. ಈ ಸಲದ್ದು ಮೆಸೇಜಲ್ಲ, ಕರೆ. ನಿಂತಿತು, ಮತ್ತೆ ಶುರುವಾಯಿತು. ಅದು ಆನೆಯೋ ಏಕಾಂತಪ್ಪನ ಹೆದರಿಕೆಯೋ, ಅಲ್ಲಿಂದ ಹೇಳಲು ಬರುವಂತಿರಲಿಲ್ಲ. ಎಲ್ಲರಿಗಿಂತ ಮೊದಲು ಕೈ ಚಾಚಿದವಳು ಅರ್ಚನಾ.

"ಎತ್ತಿ ಪ್ರೇಮಕುಮಾರಿಯವ್ರೇ. ದಯವಿಟ್ಟು ಎತ್ತಿ."

ಪ್ರೇಮಕುಮಾರಿ ಎದ್ದು ಫೋನು ತೆಗೆದು ಕಿವಿಗಿಟ್ಟಳು.

"ಪ್ರೇಮಾ, ಎಲ್ಲಿದೀಯ? ಚೆನ್ನಾಗಿದೀಯಲ್ವಾ? ಆನೆ ಸಂಸೆ ಕಡೆ ಇದೆಯಂತೆ," ಎಂದ ಏಕಾಂತಪ್ಪ, ಒಂದೇ ಉಸಿರಿಗೆ. ಸಂಸೆ ಎಲ್ಲಿ, ಮೂಡಿಗೆರೆ ಎಲ್ಲಿ.

"ಇದೀನಿ," ಎಂದಳು ಅವಳು. ಅತ್ತ ಕಡೆಯ ಉಸಿರು ಹದಕ್ಕೆ ಬರುವವರೆಗೂ ಕಾದಳು. ಫೋನು ಮತ್ತೆ ಬುಟ್ಟಿಗೆ ಹಾಕಿ ಅರ್ಚನಾಳ ಕಡೆ ತಿರುಗಿದಳು.

"ಮುಂದಿನ ವಾರಕ್ಕೆ ಇನ್ನೊಂದು ಕುರ್ಚಿ ಹಾಕ್ಸಿ ಮೇಡಂ."