ಉಳಿದ ಮಾತ್ರೆಗಳು

ನನ್ನ ಗಂಡ ಕಟಿಂಗ್ ಮಾಸ್ಟರ್. ಅವರು ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಕತ್ತರಿಸುತ್ತಿದ್ದರು ಎನ್ನಬೇಕು. ಒಂದು ತಿಂಗಳಿಂದ ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಮೇಜಿನ ಸುತ್ತ ನಡೆದದ್ದೇ ನಡೆದದ್ದು. ಕೈ ನಡುಗುತ್ತದೆ, ಮುಖ ಮರಗಟ್ಟಿದೆ. ತಮಾಷೆ ಮಾಡಿದರೆ ನಗುವುದಿರಲಿ, ಬೈದರೂ ಹುಬ್ಬು ಅಲುಗುವುದಿಲ್ಲ. ನನ್ನ ಬಾಯಿಗೆ ಇಪ್ಪತ್ತು ವರ್ಷ ಸರಿಸಮ ಉತ್ತರ ಕೊಟ್ಟ ಮನುಷ್ಯ! ಎದುರಿಗೇ ಇದ್ದಾರೆ, ಆದರೂ ಅವರಿಗಾಗಿ ಜೀವ ಹಂಬಲಿಸುತ್ತದೆ.

"ಮಾತ್ರೆ ನಿಲ್ಲಿಸಿಬಿಡೋಣ ಕಣೇ," ಎಂದರು ಒಂದು ಬೆಳಿಗ್ಗೆ. "ಕೈಯಾದ್ರೂ ವಾಪಸ್ ಬರುತ್ತೆ."

ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮಾತ್ರೆಯಿಲ್ಲದ ದಿನಗಳು ನೆನಪಾದವು. ಗೋಡೆಯೊಳಗೆ ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದರು.

"ಡಾಕ್ಟರನ್ನ ಕೇಳದೆ ಒಂದನ್ನೂ ಬಿಡೋ ಹಾಗಿಲ್ಲ. ನಡೀರಿ ಆಸ್ಪತ್ರೆಗೆ," ಎಂದು ಹೊರಡಿಸಿದೆ.

ಡಾಕ್ಟರಮ್ಮ ಅವರ ಮೊಣಕೈ ಮಡಿಸಿ ಬಿಡಿಸಿ ನೋಡಿದರು. ಆಮೇಲೆ ನನ್ನ ಚೀಲದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದು ಶೀಟು ಎತ್ತಿ ಹಿಡಿದರು.

"ಇದನ್ನ ಹೋದ ತಿಂಗಳೇ ನಿಲ್ಲಿಸಿ ಹೊಸದು ಕೊಡಿ ಅಂದಿದ್ದೆನಲ್ಲಮ್ಮ?"

"ಮೂರ್ನಾಲ್ಕು ಶೀಟು ಉಳಿದಿತ್ತು ಡಾಕ್ಟ್ರೇ. ಮುಗೀಲಿ ಅಂತ ಹೊಸದರ ಜೊತೆ ಕೊಟ್ಟೆ."

ನನ್ನ ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ! ಹಳೆಯ ತುಂಡು ಮುಗಿಯದೆ ಹೊಸ ಥಾನು ಬಿಚ್ಚುವವಳಲ್ಲ ನಾನು. ಅಂಗೈಯಗಲದ ಬಟ್ಟೆಯೂ ಜೇಬಿಗಾಗುತ್ತದೆ.

"ಎರಡೂ ಸೇರಿದ್ದಕ್ಕೇ ಈ ಚಡಪಡಿಕೆ, ಈ ನಡುಕ. ಹಳೇದು ಇವತ್ತೇ ನಿಲ್ಲಲಿ, ಹೊಸದು ಮಾತ್ರ ಕೊಡಿ. ಚಡಪಡಿಕೆ ಬೇಗ ಇಳಿಯಬಹುದು. ಕೈ ಸರಿಹೋಗೋಕೆ ಎಷ್ಟು ದಿನ ಬೇಕೋ, ಈಗಲೇ ಹೇಳೋಕಾಗಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ದಾರಿಯಲ್ಲಿ ಅವರ ಮುಖ ನೋಡದೆ, "ತಪ್ಪು ನಂದು ರೀ. ಬೈರಿ," ಎಂದೆ.

"ನನಗೇ ಹುಚ್ಚು ಜಾಸ್ತಿ ಆಯ್ತು ಅಂದ್ಕೊಂಡಿದ್ದೆ ಕಣೇ," ಎಂದರು.

ನಡುರಸ್ತೆಯಲ್ಲೇ ಅತ್ತುಬಿಟ್ಟೆ.

ಒಂಬತ್ತನೇ ದಿನ ಮಧ್ಯಾಹ್ನ ಮಿಷನ್ ತುಳಿಯುತ್ತಿದ್ದೆ. ಹಿಂದೆ ಹೆಜ್ಜೆಯ ಸದ್ದಿಲ್ಲ. ತಿರುಗಿದರೆ ಕುರ್ಚಿಯಲ್ಲಿ ಕೂತು ನಿದ್ದೆಹೋಗಿದ್ದಾರೆ, ಪಾದಗಳೆರಡೂ ನೆಲದ ಮೇಲೆ ಸುಮ್ಮನಿವೆ. ಎಬ್ಬಿಸಿ ಮಾತಾಡಿಸುವ ಆಸೆ ಗಂಟಲವರೆಗೆ ಬಂತು. ನುಂಗಿಕೊಂಡೆ.

ಹಳೆಯ ಗಿರಾಕಿಯೊಬ್ಬರು ಕೋಟಿನ ಬಟ್ಟೆ ಹಿಡಿದು ಬಂದರು. "ಮಾಸ್ಟರ್ ಇಲ್ವೇನಮ್ಮಾ?"

"ಇದ್ದಾರೆ, ಮೆಲ್ಲಗೆ ಮಾತಾಡಿ. ಬಟ್ಟೆ ಇಟ್ಟು ಹೋಗಿ, ಅವರೇ ಕತ್ತರಿಸ್ತಾರೆ," ಎಂದೆ. "ಯಾವತ್ತು ಅಂತ ಮಾತ್ರ ಕೇಳಬೇಡಿ."